ಸೋರುವ ತಿದಿ: ಹಳೇ ಪೇಟಿ ರಿಪೇರಿಯ ಟಿಪ್ಪಣಿ

ಪೇಟಿ (ಹಾರ್ಮೋನಿಯಂ) ಮುಂದೆ ಕೂತರೆ ಸ್ವಲ್ಪ ಹೊತ್ತಿಗೇ ಎಡಗೈ ಸೋಲುತ್ತಿತ್ತು. ಕೈ ಸೋತ ಮೇಲೆ ಮನಸ್ಸು ಎಷ್ಟು ಹೊತ್ತು ನಿಲ್ಲುತ್ತದೆ? ನಾಳೆ ನೋಡೋಣ ಅಂತ ಮುಚ್ಚಳ ಹಾಕುತ್ತಿದ್ದೆ. ಆ ನಾಳೆ ವಾರವಾಯಿತು, ತಿಂಗಳಾಯಿತು, ಕೊನೆಗೆ ಪೇಟಿ ಮಂಚದ ಕೆಳಗೆ ಹೋಯಿತು. ಇವಳಿಗೆ ಸಂಗೀತದ ಆಸೆ ತೀರಿತು ಅಂತ ಮನೆಯವರೆಲ್ಲ ತಿಳಿದರು. ನನಗೂ ಹಾಗೇ ಅನ್ನಿಸಿತ್ತು. ಪೇಟಿ ಬಿಚ್ಚಿ ನೋಡಿದಾಗ ಅರ್ಧ ಕಾರಣ ಗಾಳಿ ಒತ್ತುವ ತಿದಿಯ ಮೂಲೆಯಲ್ಲಿ ಸಿಕ್ಕಿತು. ಇನ್ನರ್ಧ ಸ್ವರ ಹುಟ್ಟಿಸುವ ರೀಡುಗಳ ಹತ್ತಿರ ಕೂತಾಗ ಸಿಕ್ಕಿತು. ಎರಡನ್ನೂ ಬರೆದಿಡುತ್ತೇನೆ. ಪೇಟಿ ಸುಮ್ನೆ ಮೂಲೆಗೆ ಬಿದ್ದಿರುವ ಮನೆಗಳು ನಮ್ಮ ಹುಬ್ಬಳ್ಳಿ ಧಾರವಾಡದಲ್ಲಿ ಬಹಳ ಇವೆ. ಯಾರಿಗಾದರೂ ಉಪಯೋಗಕ್ಕೆ ಬಂದೀತು.

ನನ್ನದು ಮೂರೂವರೆ ಸಪ್ತಕದ ಪೇಟಿ, 42 ಮನೆ (ಬೆರಳಿನಿಂದ ಒತ್ತುವ ಪಟ್ಟಿ). ಖರ್ಜ (ಕೆಳ ಸಪ್ತಕದ್ದು) ಮತ್ತು ನರ (ಅದರ ಮೇಲಿನದು) ಅಂತ ಎರಡು ಸಾಲು ರೀಡು. ಒಂದು ಮನೆ ಒತ್ತಿದರೆ ಇನ್ನೊಂದು ಸಪ್ತಕದ ಅದೇ ಸ್ವರವನ್ನೂ ಒತ್ತುವ ಕಪ್ಲರ್ ಇದೆ, ಮನೆಗಳನ್ನೇ ಸರಿಸಿ ಶ್ರುತಿ ಬದಲಿಸುವ ಸ್ಕೇಲ್ ಚೇಂಜರ್ ಇಲ್ಲ. ಧಾರವಾಡದಲ್ಲಿ ಕಾಲೇಜು ಓದುವಾಗ ಹಳೆಯದನ್ನೇ ಕೊಂಡಿದ್ದೆ. ಆಗ ಕಲಿಸಿದ ಗುರುಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು, ಕಣ್ಣು ಕಾಣುತ್ತಿರಲಿಲ್ಲ. ನಮ್ಮ ಪೇಟಿಗಳ ಮೇಲೆ ಒಮ್ಮೆ ಕೈಯಾಡಿಸಿದರೆ ಸಾಕು, ಯಾವುದರ ಸ್ಪ್ರಿಂಗ್ ಬಿಗಿ, ಯಾವುದರ ಹಲಗೆ ಉಬ್ಬಿದೆ ಎಲ್ಲ ಹೇಳುತ್ತಿದ್ದರು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಆ ಆಶ್ರಮದಲ್ಲಿ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಉತ್ತರ ಕರ್ನಾಟಕದ ಎಷ್ಟೋ ಊರುಗಳಿಗೆ ಪೇಟಿ ಕಲಿಸುವವರು ಬಂದಿದ್ದೇ ಅಲ್ಲಿಂದ.

ಸಂಗೀತ ಪರೀಕ್ಷೆಯಲ್ಲಿ ಜೂನಿಯರ್ ಆಯಿತು, ಸೀನಿಯರ್ ಆಯಿತು. ಪರೀಕ್ಷೆ ಇರುವ ತನಕ ದಿನಾ ಪಲ್ಟೆ (ಸ್ವರಗಳ ಅಭ್ಯಾಸದ ವರಸೆ) ಬಾರಿಸುತ್ತಿದ್ದೆ. ಪರೀಕ್ಷೆ ಮುಗಿದ ಮೇಲೆ ಯಾತಕ್ಕೆ ಬಾರಿಸಬೇಕು ಅಂತಲೇ ತಿಳಿಯಲಿಲ್ಲ. ನಮ್ಮ ಊರು ಬೇರೆ ಎಂಥದು ನೋಡಿ. ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು ಓಡಾಡಿದ ಬೀದಿಗಳು. ಆಚೆ ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ಲರು, ಪಕ್ಕದ ಕುಂದಗೋಳದಲ್ಲಿ ಸವಾಯಿ ಗಂಧರ್ವರು. ಕಲ್ಲು ಒಗೆದರೆ ಹಾಡುವವರ ಮನೆ ಮೇಲೇ ಬೀಳುವ ಊರಿನಲ್ಲಿ ನನ್ನ ಭೂಪ ರಾಗದ ಆರೋಹ ಯಾರಿಗೆ ಬೇಕು ಅನ್ನಿಸುತ್ತಿತ್ತು. ಈ ಮಾತನ್ನು ಬಹಳ ಜನ ಒಳಗೊಳಗೇ ಅಂದುಕೊಳ್ಳುತ್ತಾರೆ. ಹೊರಗೆ ಮಾತ್ರ ಟೈಮ್ ಸಿಗೋದಿಲ್ಲ ಅನ್ನುತ್ತಾರೆ.

ಮತ್ತೆ ಪೇಟಿ ಹೊರಗೆ ಬಂದಿದ್ದು ಓಣಿಯ ಭಜನೆಯಿಂದ. ಅಲ್ಲಿ ಪೇಟಿ ಹಿಡಿಯುವ ಕಾಕಾ ಹಿಂದೆ ನಾಟಕ ಕಂಪನಿಗಳಲ್ಲಿ ಕಾಲಿನ ಪೇಟಿ ಬಾರಿಸಿದವರು. ಅವರಿಗೆ ಮೊಣಕಾಲು ನೋವು. ಶ್ರಾವಣದಲ್ಲಿ ಇನ್ನೊಬ್ಬರು ಬೇಕು ಅಂತ ನನ್ನನ್ನು ಕೇಳಿದರು. ನನಗೆ ಮನಸ್ಸೇ ಇಲ್ಲ ಕಾಕಾ ಅಂದೆ. ಅವರು ಆ ಮಾತಿಗೆ ಕಿವಿಗೊಡಲೇ ಇಲ್ಲ. ಮನೆಗೆ ಬಂದು, ಪೇಟಿ ಎಳೆಸಿ, ತಿದಿ ಒಮ್ಮೆ ಒತ್ತಿ ನೋಡಿದರು.

"ತಂಗಿ, ಗಾಳಿ ಎಲ್ಲಾ ಹೊರಗ ಹೊಂಟೈತಿ. ಬೆರಳಿಗೆ ಕೆಲಸನ ಇಲ್ಲ, ಬರೇ ತೋಳಿಗೆ ಕೆಲಸ. ಹಿಂಗಾದ್ರ ಮನಸ್ಸು ಎಲ್ಲಿ ನಿಂದರತೈತಿ? ಮೊದಲ ಇದನ್ನ ಬಿಚ್ಚು."

ಗಾಳಿ ಎಲ್ಲಿ ಹೋಗುತ್ತಿದೆ

ಬಿಚ್ಚುವ ಮೊದಲೇ ಒಂದು ಪರೀಕ್ಷೆ ಮಾಡಬಹುದು. ಪೇಟಿಯಲ್ಲಿ ಎರಡು ತಿದಿ ಇರುತ್ತವೆ. ಹಿಂದೆ ಕೈಯಿಂದ ಒತ್ತುವುದು ಒಂದು. ಪೆಟ್ಟಿಗೆಯ ಹೊಟ್ಟೆಯೊಳಗೆ ಸ್ಪ್ರಿಂಗ್ ಮೇಲೆ ಕೂತಿರುವುದು ಇನ್ನೊಂದು. ಹೊರಗಿನದು ಗಾಳಿ ತಳ್ಳುತ್ತದೆ, ಒಳಗಿನದು ಅದನ್ನು ತುಂಬಿಕೊಂಡು ಒಂದೇ ಒತ್ತಡದಲ್ಲಿ ರೀಡಿಗೆ ಕೊಡುತ್ತದೆ. ಕೈ ತೆಗೆದ ಮೇಲೂ ಸ್ವರ ಕೆಲ ಹೊತ್ತು ನಿಲ್ಲುವುದು ಈ ಒಳತಿದಿಯಿಂದಲೇ.

ರೀಡಿಗೆ ಗಾಳಿ ಬಿಡುವ ಗುಂಡಿಗಳನ್ನು, ಅಂದರೆ ಸ್ಟಾಪರ್ ಎಲ್ಲವನ್ನೂ, ಒಳಗೆ ತಳ್ಳಿ. ಯಾವ ಮನೆಯನ್ನೂ ಒತ್ತಬೇಡಿ. ತಿದಿ ಹಾಕಿ ಹಾಕಿ ಒಳಗೆ ಗಾಳಿ ತುಂಬಿ. ತುಂಬಿದ ಮೇಲೆ ಹೊರತಿದಿ ಕೈಗೆ ಗಟ್ಟಿಯಾಗಿ ಎದುರು ನಿಲ್ಲಬೇಕು. ನಿಲ್ಲದೆ ಮೆತ್ತಗೆ ಕುಸಿದರೆ ಸೋರಿಕೆ ತಿದಿಯಲ್ಲೋ ಅದರ ಕವಾಟದಲ್ಲೋ ಇದೆ. ಈ ಪರೀಕ್ಷೆಯಲ್ಲಿ ಗಾಳಿ ನಿಂತರೆ ಸ್ಟಾಪರ್ ಎಳೆದು ಮತ್ತೆ ನೋಡಿ. ಆಗ ಸೋರಿದರೆ ದೋಷ ಮೇಲಿದೆ. ರೀಡಿನ ಹಲಗೆ ಸರಿಯಾಗಿ ಕೂತಿಲ್ಲ, ಇಲ್ಲವೇ ಮನೆಗಳ ಕೆಳಗಿನ ಫೆಲ್ಟ್ ತೂತು ಮುಚ್ಚುತ್ತಿಲ್ಲ ಅಂತ ಅರ್ಥ. ಈ ಎರಡು ಪರೀಕ್ಷೆ ಮಾಡದೆ ಯಾರೂ ಸ್ಕ್ರೂ ಬಿಚ್ಚಬೇಡಿ. ಅರ್ಧ ಕೆಲಸ ಉಳಿಯುತ್ತದೆ.

ನನ್ನದು ಎರಡರಲ್ಲೂ ಸೋತಿತು. ಜಾಗ ಹುಡುಕಲು ಊದುಬತ್ತಿ ಹಚ್ಚಿದೆ. ಅತ್ತೆ ಕೂತು ತಿದಿ ಹಾಕಿದರು, ನಾನು ಊದುಬತ್ತಿಯ ಹೊಗೆಯನ್ನು ಮಡಿಕೆಗಳ ಗುಂಟ ನಿಧಾನಕ್ಕೆ ಒಯ್ದೆ. ಕಿಡಿ ಬಟ್ಟೆಗೆ ತಾಗದಷ್ಟು ದೂರ ಇರಬೇಕು. ಹೊಗೆ ನೆಟ್ಟಗೆ ಏರುತ್ತಿದ್ದದ್ದು ಎಡಗಡೆಯ ಕೆಳಮೂಲೆಗೆ ಬಂದ ಕೂಡಲೇ ಫಕ್ಕನೆ ಆಚೆ ಹಾರಿತು. ಅಲ್ಲಿ ತೊಗಲು ಮಡಿಕೆಯ ಗೆರೆಯಲ್ಲೇ ಸೀಳಿತ್ತು. ಮುಚ್ಚಿದಾಗ ಕಾಣುವುದಿಲ್ಲ, ತಿದಿ ಹಿಗ್ಗಿದಾಗಷ್ಟೇ ಬಾಯಿ ಬಿಡುತ್ತದೆ. ಬಲಮೂಲೆಯಲ್ಲೂ ಹಾಗೇ ಒಂದು ಸಣ್ಣದು. ತೀರಾ ಸಣ್ಣ ಸೋರಿಕೆಗೆ ಹೊಗೆಗಿಂತ ಒದ್ದೆ ಮಾಡಿದ ಅಂಗೈ ಹಿಂಭಾಗ ಒಳ್ಳೆಯದು. ತಣ್ಣಗೆ ತಾಗುತ್ತದೆ.

ತಿದಿ

ಹೊರತಿದಿಯ ಸ್ಕ್ರೂ ಬಿಚ್ಚಿದರೆ ಹಿಂದಿನ ಹಲಗೆಯ ಸಮೇತ ಕೈಗೆ ಬರುತ್ತದೆ. ಪ್ರತಿ ಸ್ಕ್ರೂ ಎಲ್ಲಿಯದು ಅಂತ ಒಂದು ರಟ್ಟಿನ ಮೇಲೆ ಪೇಟಿಯ ಚಿತ್ರ ಬರೆದು ಅಲ್ಲಲ್ಲೇ ಚುಚ್ಚಿಟ್ಟೆ. ಹಳೆಯ ಪೇಟಿಗಳಲ್ಲಿ ಸ್ಕ್ರೂ ಎಲ್ಲ ಒಂದೇ ಅಳತೆ ಇರುವುದಿಲ್ಲ. ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು: "ಏನವ್ವಾ, ಮನಿತುಂಬ ಹರವೀಯಲ್ಲ, ಮತ್ತ ಕೂಡತೈತೇನ ಇದು?"

ತೇಪೆಗೆ ತೆಳುವಾದ ಆಡಿನ ತೊಗಲು ಬೇಕು. ಹುಬ್ಬಳ್ಳಿಯ ದುರ್ಗದ ಬೈಲ್ ಕಡೆ ಹೋದಾಗ ಚಪ್ಪಲಿ ಸಾಮಾನಿನ ಅಂಗಡಿಯಲ್ಲಿ ತುಂಡುಗಳ ರಾಶಿಯಲ್ಲಿ ಆರಿಸಿ ತಂದೆ. ಬೆರಳಲ್ಲಿ ಮಡಚಿದರೆ ಬಟ್ಟೆ ಹಾಗೆ ಮಡಚಬೇಕು. ರೆಕ್ಸಿನ್ ಬೇಡ. ಅದು ಮಡಿಕೆಯಲ್ಲಿ ಬೇಗ ಬಿರಿಯುತ್ತದೆ. ತೊಗಲಿನ ಅಂಚನ್ನು ಬ್ಲೇಡಿನಿಂದ ಓರೆಯಾಗಿ ಸವರಿ ತೆಳ್ಳಗೆ ಮಾಡಬೇಕು. ದಪ್ಪ ಅಂಚು ಬಿಟ್ಟರೆ ತಿದಿ ಮುಚ್ಚುವಾಗ ಮಡಿಕೆಗೆ ಅಡ್ಡ ಬರುತ್ತದೆ, ಅಲ್ಲೇ ಏಳುತ್ತದೆ.

ಈ ಸವರುವ ಕೆಲಸ ನನಗೆ ಬಹಳ ಹಿಡಿಸಿತು. ಬ್ಲೇಡನ್ನು ಹೆಚ್ಚುಕಡಿಮೆ ಮಲಗಿಸಿ, ತೊಗಲನ್ನು ಗಾಜಿನ ಮೇಲೆ ಒತ್ತಿ ಹಿಡಿದು, ನಮ್ಮ ಕಡೆಯಿಂದ ಆಚೆಗೆ ತಳ್ಳುತ್ತ ಹೋಗಬೇಕು. ಹಿಟ್ಟಿನಂಥ ಪುಡಿ ಉದುರುತ್ತದೆ. ಅಂಚು ಬೆಳಕಿಗೆ ಹಿಡಿದರೆ ಆ ಕಡೆಯ ಬೆರಳು ಮಸುಕಾಗಿ ಕಾಣಬೇಕು, ಅಷ್ಟು ತೆಳು. ಮೊಬೈಲ್ ದೂರ ಇಟ್ಟು ಒಂದೇ ಕೆಲಸದ ಮೇಲೆ ಇಷ್ಟು ಹೊತ್ತು ಕೂತು ಬಹಳ ಕಾಲವಾಗಿತ್ತು. ರಿಯಾಜ್ ಬಿಟ್ಟಾಗ ಹೋಗಿದ್ದು ರಾಗ ಅಲ್ಲ, ಹೀಗೆ ಕೂರುವ ರೂಢಿ ಅಂತ ಆಗ ಹೊಳೆಯಿತು.

ಹಳೆ ಅಂಟನ್ನು ಕೆರೆದು ತೆಗೆದು, ಫೆವಿಕಾಲನ್ನು ತೀರಾ ತೆಳುವಾಗಿ ಸವರಿದೆ. ಅಂಟು ಜಾಸ್ತಿ ಆದರೆ ಒಣಗಿ ಕಲ್ಲಾಗುತ್ತದೆ, ಮಡಿಕೆ ಮತ್ತೆ ಅಲ್ಲೇ ಒಡೆಯುತ್ತದೆ. ತೇಪೆ ಹಾಕಿ ತಿದಿಯನ್ನು ಅರ್ಧ ತೆರೆದೇ ರಾತ್ರಿಯಿಡೀ ಬಿಟ್ಟೆ. ಮುಚ್ಚಿ ಒಣಗಿಸಿದರೆ ತೊಗಲಿಗೆ ಹಿಗ್ಗುವಷ್ಟು ಉದ್ದ ಉಳಿಯುವುದಿಲ್ಲ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಅಂಟು ಬೇಗ ಒಣಗುವುದಿಲ್ಲ, ಹಲಗೆಯೂ ತೇವ ಕುಡಿದು ಉಬ್ಬಿರುತ್ತದೆ. ಬೇಸಿಗೆಯೇ ಒಳ್ಳೆಯದು.

ಇನ್ನು ಕವಾಟ. ಹೊರತಿದಿಯ ಹಲಗೆಯಲ್ಲಿ ಸಾಲಾಗಿ ತೂತುಗಳಿವೆ. ಅವುಗಳ ಒಳಮುಖಕ್ಕೆ ತೊಗಲಿನ ಪಟ್ಟಿ ಇರುತ್ತದೆ. ತಿದಿ ಬಿಟ್ಟಾಗ ಪಟ್ಟಿ ಎದ್ದು ಗಾಳಿ ಒಳಗೆ ಬರುತ್ತದೆ, ಒತ್ತಿದಾಗ ಪಟ್ಟಿ ತೂತಿಗೆ ಅಂಟಿ ಗಾಳಿಯನ್ನು ಮುಂದಕ್ಕೆ ಕಳಿಸುತ್ತದೆ. ಒಳತಿದಿಗೆ ಹೋಗುವ ದಾರಿಯಲ್ಲೂ ಇಂಥದೇ ಪಟ್ಟಿ. ನನ್ನದರಲ್ಲಿ ಇವು ಒಣಗಿ ತುದಿ ಸುರುಳಿಯಾಗಿದ್ದವು. ಒತ್ತಿದ ಗಾಳಿಯಲ್ಲಿ ಒಂದಷ್ಟು ಬಂದ ದಾರಿಯಲ್ಲೇ ವಾಪಸ್ ಹೋಗುತ್ತಿತ್ತು. ಹೊಸ ಪಟ್ಟಿ ಕತ್ತರಿಸಿ, ಎರಡು ತುದಿಗೆ ಮಾತ್ರ ಅಂಟು ಹಾಕಿ, ನಡುಭಾಗ ಸಡಿಲ ಬಿಟ್ಟೆ. ತೊಗಲಿನ ಮೆತ್ತನೆ ಮುಖ ತೂತಿನ ಕಡೆ ಇರಬೇಕು. ಬಿಗಿ ಎಳೆದು ಅಂಟಿಸಿದರೆ ಏಳುವುದಿಲ್ಲ, ತೀರಾ ಸಡಿಲ ಬಿಟ್ಟರೆ ಪಟಪಟ ಸದ್ದು ಮಾಡುತ್ತದೆ.

ಜೋಡಿಸಿ ಸ್ಟಾಪರ್ ಮುಚ್ಚಿ ಒತ್ತಿದೆ. ತಿದಿ ಕೈಗೆ ಎದುರು ನಿಂತಿತು. ಮಗಳನ್ನು ಕರೆದು ಒತ್ತಿಸಿದೆ. "ಅವ್ವಾ, ಹೋಗವಲ್ದು" ಅಂದಳು. ಆ ಒಂದು ಮಾತಿಗೆ ನನಗಾದ ಸಂತೋಷ ಸೀನಿಯರ್ ಪಾಸಾದಾಗಲೂ ಆಗಿರಲಿಲ್ಲ.

ಮನೆ, ಫೆಲ್ಟ್, ಸ್ಪ್ರಿಂಗ್

ಇದು ಬೇಸರದ ಕೆಲಸ, ಬೇಗ ಹೇಳಿ ಮುಗಿಸುತ್ತೇನೆ. ಪ್ರತಿ ಮನೆಯ ಕೆಳಗೆ ಫೆಲ್ಟ್ ಮತ್ತು ತೊಗಲು ಹಚ್ಚಿದ ಪಟ್ಟಿ ಇರುತ್ತದೆ, ತೂತು ಮುಚ್ಚಲು. ನುಸಿ ತಿಂದಿದ್ದರೆ ಒತ್ತದೇ ಇದ್ದರೂ ಆ ಮನೆ ಕೂಗುತ್ತದೆ. ತೆಳು ಕಾಗದದ ಚೂರನ್ನು ಪಟ್ಟಿಯ ಕೆಳಗೆ ಇಟ್ಟು ಎಳೆದು ನೋಡಿ. ಎಲ್ಲ ಮನೆಯಲ್ಲೂ ಒಂದೇ ಬಿಗಿ ಸಿಗಬೇಕು. ಸಡಿಲ ಬಂದರೆ ಅಲ್ಲಿ ಸೋರಿಕೆ. ಬರೀ ಧೂಳು ಕೂತಿದ್ದರೆ ಕಾಗದ ಎಳೆಯುವುದರಲ್ಲೇ ಹೋಗುತ್ತದೆ. ಕೆಲವು ಮನೆಗಳಿಗೆ ಹೊಸ ಫೆಲ್ಟ್ ಹಾಕಬೇಕಾಯಿತು. ಎರಡು ಮನೆ ಒಂದಕ್ಕೊಂದು ಉಜ್ಜುತ್ತಿದ್ದಲ್ಲಿ ಪಾಲಿಶ್ ಪೇಪರಿನಿಂದ ಪಕ್ಕ ತಿಕ್ಕಿದೆ.

ಸ್ಪ್ರಿಂಗ್ ವಿಷಯ ಮಾತ್ರ ಬಿಡುವ ಹಾಗಿಲ್ಲ. ತಿದಿ ಸೋರುತ್ತಿದ್ದ ಪೇಟಿಗೆ ಹಿಂದೆ ಯಾರೋ ಸ್ಪ್ರಿಂಗ್ ಬಿಗಿ ಮಾಡಿಟ್ಟಿದ್ದರು, ಮನೆ ಕೂಗದಿರಲಿ ಅಂತ. ಅದರಿಂದ ಬೆರಳಿಗೆ ಭಾರ. ತಾನ್ ತೆಗೆದುಕೊಳ್ಳುವಾಗ ಉಂಗುರ ಬೆರಳು ಹಿಂದೆ ಬೀಳುತ್ತಿತ್ತು. ನನ್ನ ಬೆರಳೇ ಮಂದ ಅಂತ ವರ್ಷಗಟ್ಟಲೆ ಅಂದುಕೊಂಡಿದ್ದೆ. ಫೆಲ್ಟ್ ಸರಿಯಾದ ಮೇಲೆ ಒಂದೊಂದೇ ತಂತಿಯನ್ನು ಮೂತಿಚೂಪು ಇಕ್ಕಳದಿಂದ ಚೂರು ಬಗ್ಗಿಸಿ ಮೆತ್ತಗೆ ಮಾಡಿದೆ. ಕೈ ಹಗುರಾಯಿತು.

ರೀಡು

ರೀಡಿನ ಹಲಗೆ ಮೇಲೆತ್ತಿ ತಿರುವಿ ಹಾಕಿದರೆ ಹಿತ್ತಾಳೆಯ ಸಾಲು ಕಾಣುತ್ತದೆ. ಒಂದು ಹಿತ್ತಾಳೆ ಪಟ್ಟಿ, ಅದರಲ್ಲಿ ಉದ್ದ ಸೀಳು, ಸೀಳಿನ ಮೇಲೆ ಒಂದು ತುದಿಗೆ ಬಿಗಿದ ತೆಳು ನಾಲಿಗೆ. ಗಾಳಿ ಹಾಯುವಾಗ ನಾಲಿಗೆ ಸೀಳಿನೊಳಗೆ ಹೊಯ್ದಾಡಿ ಸ್ವರ ಹುಟ್ಟುತ್ತದೆ. ಗುಜರಾತಿನ ಪಾಲಿತಾಣಾದ ರೀಡಿಗೆ ಇವತ್ತಿಗೂ ಬಹಳ ಹೆಸರು. ದನಿ ಹೊರಡದ ರೀಡಿನಲ್ಲಿ ಹೆಚ್ಚಾಗಿ ಧೂಳೋ ಕೂದಲೋ ಸಿಕ್ಕಿರುತ್ತದೆ. ಮೆತ್ತನೆ ಬ್ರಶ್ಶಿನಿಂದ ತೆಗೆದರೆ ಸಾಕು. ನಾಲಿಗೆಯನ್ನು ಬೆರಳಿನಿಂದ ಮೀಟಬಾರದು. ಬಾಗಿದರೆ ಸ್ವರ ತಡವಾಗಿ ಏಳುತ್ತದೆ.

ಶ್ರುತಿ ಮಾಡುವ ತತ್ವ ಸುಲಭ, ಕೈ ಮಾತ್ರ ಸುಲಭ ಅಲ್ಲ. ನಾಲಿಗೆಯ ತುದಿ ಕೆರೆದರೆ ತೂಕ ಇಳಿದು ಸ್ವರ ಏರುತ್ತದೆ. ಬುಡ ಕೆರೆದರೆ ನಾಲಿಗೆ ಸಡಿಲಾಗಿ ಸ್ವರ ಇಳಿಯುತ್ತದೆ. ಕೆಳಗೆ ತೆಳು ಉಕ್ಕಿನ ಪಟ್ಟಿ ಕೊಟ್ಟು, ಚೂಪು ಮೊಳೆಯಿಂದ ಕೂದಲೆಳೆಯಷ್ಟು ಗೆರೆ ಎಳೆಯಬೇಕು. ಹಲಗೆ ವಾಪಸ್ ಇಟ್ಟು, ಗಾಳಿ ಕೊಟ್ಟು ಕೇಳಬೇಕು. ಮತ್ತೆ ತೆಗೆಯಬೇಕು. ಕೆರೆದ ಹಿತ್ತಾಳೆ ವಾಪಸ್ ಬರುವುದಿಲ್ಲ, ಹಾಗಾಗಿ ಅವಸರ ಬೇಡ.

ನಡು ಸಪ್ತಕದ ದ, ಅಂದರೆ ಬಿಳಿ ಒಂದನ್ನು (ಸಪ್ತಕದ ಮೊದಲ ಬಿಳಿ ಮನೆಯನ್ನು) ಸಾ ಮಾಡಿಕೊಂಡರೆ ಬಿಳಿ ಆರು, 440 ಹರ್ಟ್ಝ್ ಇರಬೇಕು. ಮೊಬೈಲಿನ ಟ್ಯೂನರ್ ಅಷ್ಟು ತೋರಿಸುತ್ತದೆ. ನರದ ಸಾಲನ್ನು ಅದರಿಂದ ಮಾಡಿದೆ. ಖರ್ಜವನ್ನು ಮಾತ್ರ ಕಿವಿಯಿಂದಲೇ ಮಾಡಿದೆ, ಅದೇ ಖರೆ ಪಾಠ. ಒಂದೇ ಮನೆ ಒತ್ತಿ ಎರಡೂ ಸಾಲು ಬಿಟ್ಟರೆ ಮೇಲಿನ ಸ್ವರವೂ ಅದರ ಕೆಳ ಸಪ್ತಕದ್ದೂ ಒಟ್ಟಿಗೆ ಬರುತ್ತವೆ. ಕೂಡದಿದ್ದರೆ ದನಿಯಲ್ಲಿ ವ್ಹಾಂವ್ ವ್ಹಾಂವ್ ಅಂತ ಅಲೆ ಏಳುತ್ತದೆ. ಮೇಲಿನದು 261.6 ಇದ್ದು ಕೆಳಗಿನದು 130.8 ಇರುವಲ್ಲಿ 130.3 ಇದೆ ಅನ್ನಿ. ಕೆಳಗಿನದರ ಇಮ್ಮಡಿ 260.6. ವ್ಯತ್ಯಾಸ ಒಂದು, ಹಾಗಾಗಿ ಸೆಕೆಂಡಿಗೆ ಒಂದು ಅಲೆ. ಕೆರೆಯುತ್ತ ಹೋದ ಹಾಗೆ ಅಲೆ ನಿಧಾನವಾಗುತ್ತದೆ. ಎರಡು ಸೆಕೆಂಡಿಗೆ ಒಂದು, ನಾಲ್ಕಕ್ಕೆ ಒಂದು, ಆಮೇಲೆ ಅಲೆಯೇ ಇಲ್ಲ. ಎರಡು ದನಿ ಹೋಗಿ ಒಂದೇ ದನಿ ಉಳಿಯುತ್ತದೆ. ಅದನ್ನು ಮೊದಲ ಸಲ ಕೇಳಿದಾಗ ನಾನು ಆ ಮನೆಯಿಂದ ಕೈಯನ್ನೇ ತೆಗೆಯಲಿಲ್ಲ. ಒಳಗಿನ ತಿದಿ ಖಾಲಿ ಆಗುವ ತನಕ ಕೇಳಿದೆ, ಮತ್ತೆ ತುಂಬಿ ಕೇಳಿದೆ.

ಪರೀಕ್ಷೆಗೆ ಓದುವಾಗ ಒಂದು ಸ್ವರವನ್ನು ಇಷ್ಟು ಹೊತ್ತು ನಾನು ಕೇಳಿರಲೇ ಇಲ್ಲ. ಆಗ ಮುಂದಿನ ಸ್ವರ ತಪ್ಪದೇ ಬರಲಿ ಅನ್ನುವುದೊಂದೇ ಧ್ಯಾನ. ಇಲ್ಲಿ ಮುಂದಿನ ಸ್ವರ ಅಂತ ಇಲ್ಲ. ಇವಳು ಎಷ್ಟು ಬಲ್ಲವಳು ಅಂತ ತೂಗುವವರೂ ಇಲ್ಲ. ಸ್ವರ ಕೂಡಿತೋ ಇಲ್ಲವೋ, ಅಷ್ಟೇ. ಮನಸ್ಸು ವಾಪಸ್ ಬಂದಿದ್ದು ಈ ಕೆಲಸದ ನಡುವೆ. ಒಂದು ಮಧ್ಯಾಹ್ನ ಸಾ, ರೇ, ಗ ಶ್ರುತಿಯಾದವು. ಮ ಬಿಟ್ಟು ಪ ಮಾಡಿದೆ, ಆಮೇಲೆ ದ. ಭೂಪಕ್ಕೆ ಬೇಕಾದ ಐದು ಸ್ವರ ಇವೇ. ಬೆರಳು ತಾನಾಗಿ ಭೂಪದ ಮೇಲೆ ಹೋಯಿತು. ನುಡಿಸಬೇಕು ಅಂತ ಕೂತಿರಲಿಲ್ಲ.

ಗಾಂಧಾರದ ಹತ್ತಿರ ಒಂದು ತಕರಾರು ಬಂತು. ಟ್ಯೂನರ್ ಸರಿ ಅನ್ನುತ್ತದೆ, ತಂಬೂರಿ ಜೊತೆ ಹಿಡಿದರೆ ಕಿವಿ ಒಪ್ಪುವುದಿಲ್ಲ. ಪೇಟಿಯಲ್ಲಿ ಸಪ್ತಕವನ್ನು 12 ಸಮ ಭಾಗ ಮಾಡಿರುತ್ತಾರೆ. ಅದರಿಂದ ಶುದ್ಧ ಗಾಂಧಾರ ತಂಬೂರಿಯಿಂದ ತಾನಾಗಿ ಕೇಳಿಬರುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತದೆ. ಒಂದು ಅರ್ಧ ಸ್ವರಕ್ಕೆ 100 ಸೆಂಟ್ ಅಂತ ಲೆಕ್ಕ. ಈ ಜಗಳ ಹಳೆಯದು. ಶ್ರುತಿ ಹೀಗೆ, ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬೇರೆ ಬರುವುದಿಲ್ಲ ಅಂತ 1940ರಲ್ಲಿ ಆಕಾಶವಾಣಿ ಪೇಟಿಯನ್ನೇ ಹೊರಗಿಟ್ಟಿತು. ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರಲ್ಲಿ, ಆ ನಿಷೇಧ ಇರುವಾಗಲೇ. 1971ರ ಹೊತ್ತಿಗೆ ಅದು ಸಡಿಲವಾಯಿತು. ಅಷ್ಟೂ ವರ್ಷ ಮಠದ ಭಜನೆಯಲ್ಲಿ, ಕಂಪನಿ ನಾಟಕದಲ್ಲಿ, ಪಾಠ ಹೇಳುವವರ ಮನೆಯಲ್ಲಿ ಪೇಟಿ ನಡೆದೇ ಇತ್ತು. ಕಾಕಾ ಕಂಪನಿಗೆ ಸೇರಿದ್ದೂ ಆ ಕಾಲದಲ್ಲೇ.

ಒಂದೇ ಸಾ ಹಿಡಿದು ಒಬ್ಬರೇ ನುಡಿಸುವವರು ಗಾಂಧಾರ ಇಳಿಸಿ ಶ್ರುತಿ ಮಾಡಿಸುವುದುಂಟು. ನಾನು ಸಮ ಭಾಗವನ್ನೇ ಇಟ್ಟುಕೊಂಡೆ. ನಮ್ಮ ಭಜನೆಯಲ್ಲಿ ಗಂಡಸರು ಬಿಳಿ ಒಂದೋ ಕರಿ ಒಂದೋ ಹಿಡಿದು ಹಾಡುತ್ತಾರೆ. ಹೆಣ್ಣುಮಕ್ಕಳಿಗೆ ಕರಿ ನಾಲ್ಕೋ ಐದೋ ಬೇಕು. ಎಲ್ಲರಿಗೂ ಹೊಂದಬೇಕಲ್ವಾ.

ಈಗ

ಪೇಟಿ ಮಂಚದ ಕೆಳಗಿಲ್ಲ. ಪಡಸಾಲೆಯಲ್ಲಿ ಮಣೆಯ ಮೇಲೆ ಇಟ್ಟು ಬಟ್ಟೆ ಹೊದಿಸಿದ್ದೇನೆ. ಎಳೆಯಬೇಕು, ಬಿಚ್ಚಬೇಕು ಅಂದರೆ ಅಲ್ಲೇ ಅರ್ಧ ಉತ್ಸಾಹ ಹೋಗುತ್ತದೆ. ಬಟ್ಟೆ ಸರಿಸಿದರೆ ನುಡಿಸುವ ಹಾಗಿರಬೇಕು. ಪಲ್ಟೆಯ ಹಳೇ ವಹಿ ತೆಗೆದಿಟ್ಟಿದ್ದೇನೆ, ಈಗಲೇ ಬೇಡ. ಕೂತ ಕೂಡಲೇ ಎರಡೂ ಸಾಲು ಬಿಟ್ಟು ಸಾ ಹಿಡಿಯುತ್ತೇನೆ, ಅಲೆ ಇದೆಯೋ ಇಲ್ಲವೋ ಕೇಳುತ್ತೇನೆ. ಆಮೇಲೆ ಭೂಪ. ಬೇಸರ ಬಂದ ದಿನ ಸಾ ಮುಗಿಸಿ ಏಳುತ್ತೇನೆ. ಅದನ್ನೂ ನುಡಿಸಿದ ದಿನ ಅಂತಲೇ ಲೆಕ್ಕ ಹಿಡಿಯುತ್ತೇನೆ. ಮನ್ಸೂರರ ಊರಿನಲ್ಲಿ ನನ್ನ ಭೂಪ ಯಾರಿಗೆ ಬೇಕು ಅನ್ನುವ ಪ್ರಶ್ನೆ ಈಗ ಕಾಡುವುದಿಲ್ಲ. ಭಜನೆಗೆ ಬೇಕು, ಕಾಕಾನ ಮೊಣಕಾಲಿಗೆ ಬೇಕು.

ಮನಸ್ಸಿಲ್ಲ ಅಂತ ವಾದ್ಯ ಬಿಟ್ಟವರು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಇಷ್ಟೇ: ತಿದಿ ಸೋರುತ್ತದೆಯಾ? ಪಿಟೀಲಾದರೆ ಬಿರಡೆ ನಿಲ್ಲುತ್ತದೆಯಾ, ತಬಲಾ ಆದರೆ ವಾದಿ (ಬಿಗಿಯುವ ತೊಗಲ ಪಟ್ಟಿ) ಬಿಗಿ ಇದೆಯಾ? ಮನಸ್ಸಿನ ಮಾತು ಅದಾದ ಮೇಲೆ ನೋಡೋಣ.

ಖರ್ಚು ತೊಗಲು, ಫೆಲ್ಟ್, ಅಂಟು ಎಲ್ಲ ಸೇರಿ ಐದುನೂರರ ಒಳಗೆ. ಇನ್ನೂ ಎರಡು ಕೆಲಸ ಬಾಕಿ. ಕಪ್ಲರಿನ ತಂತಿಗಳು ತುಕ್ಕು ಹಿಡಿದಿವೆ, ಸದ್ಯಕ್ಕೆ ಅದನ್ನು ಮುಟ್ಟಿಲ್ಲ. ಖರ್ಜದ ಒಂದು ನಿಷಾದದ ನಾಲಿಗೆ ಬುಡದಲ್ಲಿ ಸೀಳು ಬಿಟ್ಟಿದೆ, ಅದಕ್ಕೆ ಬೇರೆ ರೀಡೇ ಬೇಕು. ಹಳೇ ರೀಡು ಬಿಚ್ಚಿ ಅಳತೆಗೆ ಕಾಕಾನ ಕೈಗೆ ಕೊಟ್ಟಿದ್ದೇನೆ. ಅವರ ಮನೆಯಲ್ಲಿ ಕಂಪನಿ ಕಾಲದ ರೀಡುಗಳ ಒಂದು ಡಬ್ಬಿ ಇದೆಯಂತೆ, ಭಾನುವಾರ ಇಬ್ಬರೂ ಕೂತು ಹುಡುಕುವವರಿದ್ದೇವೆ.